ನಿಮ್ಮ ಊರಿನಲ್ಲಿ ಸೂರಿಲ್ಲದವರು ಎಷ್ಟು ಜನ? ಲೆಕ್ಕ ಹುಡುಕುವ, ಓದುವ, ಪರೀಕ್ಷಿಸುವ ಬಗೆ

2011ರ ಫೆಬ್ರುವರಿ 28, ಸೋಮವಾರ. ರಾತ್ರಿ ಹನ್ನೊಂದು ದಾಟಿತ್ತು. ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟಿನಿಂದ ಸ್ವಲ್ಪ ಈಚೆಗೆ, ಬಾಗಿಲು ಹಾಕಿದ್ದ ಅಂಗಡಿಯೊಂದರ ಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ಮೊಣಕಾಲಿನ ಮೇಲೆ ಜನಗಣತಿಯ ನಮೂನೆ. ಟಾರ್ಚ್ ಹಿಡಿದು ನಿಂತಿದ್ದವರು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು. ಕಟ್ಟೆಯ ಮೇಲೆ ಗೋಣಿತಾಟು ಹಾಸಿಕೊಂಡು ಮಲಗಿದ್ದ ಅಜ್ಜಿ ಎದ್ದು ಕುಳಿತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ನನ್ನನ್ನು ಯಾಕಮ್ಮ ಬರೆದುಕೊಳ್ಳುತ್ತೀಯ? ನನಗೆ ಮನೆ ಇದೆ."

"ಎಲ್ಲಿದೆ ಅಜ್ಜಿ?"

"ಊರಲ್ಲಿದೆ. ಹರಪನಹಳ್ಳಿ ಕಡೆ. ಹೆಂಚಿನ ಮನೆ."

"ಅಲ್ಲಿಗೆ ಹೋಗಿ ಎಷ್ಟು ದಿನವಾಯಿತು?"

ಅಜ್ಜಿ ಬೆರಳು ಮಡಚಿ ಎಣಿಸಿದರು. ದಿನವನ್ನಲ್ಲ, ಯುಗಾದಿಗಳನ್ನು. ಐದನೆಯ ಬೆರಳಿಗೆ ಬಂದು ನಿಲ್ಲಿಸಿದರು.

ನಮೂನೆಯ ಮೇಲ್ಭಾಗದಲ್ಲಿ ಕುಟುಂಬದ ಬಗೆ ಬರೆಯುವ ಒಂದು ಚೌಕವಿತ್ತು. ಸಾಮಾನ್ಯ ಕುಟುಂಬಕ್ಕೆ 1, ಹಾಸ್ಟೆಲ್, ಆಶ್ರಮ, ಜೈಲುಗಳಂಥ ಸಾಂಸ್ಥಿಕ ಕುಟುಂಬಕ್ಕೆ 2, ಮನೆಯಿಲ್ಲದ ಕುಟುಂಬಕ್ಕೆ 3. ಹೆಂಚಿನ ಮನೆ ಇದೆ ಎಂದು ಹೇಳುತ್ತಿರುವ ಅಜ್ಜಿಯ ಮುಂದೆಯೇ ನಾನು 3 ಎಂದು ಬರೆದೆ. ನಿಯಮದ ಪ್ರಕಾರ ಅದು ಸರಿ. ಆದರೂ ಆ ಅಂಕಿ ಬರೆಯುವಾಗ ಕೈ ತಡೆಯಿತು.

ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ನಾನು. ಈಗ ನಿವೃತ್ತೆ. ಆ ರಾತ್ರಿಯ ನಂತರ ಸೂರಿಲ್ಲದವರ ಲೆಕ್ಕವನ್ನು ಬೆನ್ನು ಹತ್ತಿದ್ದೇನೆ. ವಾರ್ಡ್ ಸಮಿತಿಯವರು, ಸಮಾಜಕಾರ್ಯ ಓದುವ ಮಕ್ಕಳು, ಸ್ಥಳೀಯ ಪತ್ರಿಕೆಯವರು ಆಗಾಗ ಬಂದು, "ಟೀಚರ್, ನಮ್ಮ ಊರಿನಲ್ಲಿ ಎಷ್ಟು ಜನ ಬೀದಿಯಲ್ಲಿ ಮಲಗುತ್ತಾರೆ, ಅವರಿಗೆ ಎಷ್ಟು ಜಾಗವಿದೆ, ಹೇಗೆ ತಿಳಿಯುವುದು?" ಎಂದು ಕೇಳುತ್ತಾರೆ. ಅವರಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕೂಡುವ, ಭಾಗಿಸುವ ಲೆಕ್ಕ ಬಂದರೆ ಸಾಕು, ಈ ಕೆಲಸ ಯಾರಾದರೂ ಮಾಡಬಹುದು.

ಮೊದಲು ಪದಗಳನ್ನು ಬೇರ್ಪಡಿಸಿಕೊಳ್ಳಿ

ಅರ್ಧಕ್ಕರ್ಧ ತಪ್ಪುಗಳು ಆಗುವುದು ಇಲ್ಲೇ. ನಮ್ಮ ಕಚೇರಿಗಳಲ್ಲಿ "ವಸತಿ ರಹಿತರು" ಎಂದರೆ ಬೀದಿಯಲ್ಲಿ ಮಲಗುವವರಲ್ಲ. ಸ್ವಂತ ಮನೆಯಿಲ್ಲದವರು: ಬಾಡಿಗೆ ಮನೆಯಲ್ಲೋ, ಅಣ್ಣನ ಮನೆಯ ಪಡಸಾಲೆಯಲ್ಲೋ, ಸೋರುವ ಗುಡಿಸಲಿನಲ್ಲೋ ಇರುವವರು. "ನಿವೇಶನ ರಹಿತರು" ಎಂದರೆ ಮನೆ ಕಟ್ಟಿಕೊಳ್ಳಲು ಸೈಟೂ ಇಲ್ಲದವರು. ಈ ಎರಡೂ ಪಟ್ಟಿಗಳನ್ನು ಗ್ರಾಮ ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳು ವಸತಿ ಯೋಜನೆಗಳಿಗಾಗಿ ಇಟ್ಟುಕೊಳ್ಳುತ್ತವೆ. "ನಿರಾಶ್ರಿತರು" ಎಂದಾಗ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ಅದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ದಾರಿ, ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗುತ್ತದೆ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಭಿಕ್ಷುಕರ ಕರ ಸೇರಿರುತ್ತದೆ, ರಸೀದಿ ತೆಗೆದು ನೋಡಿ. ಆ ಕೇಂದ್ರಗಳಲ್ಲಿ ಇರುವವರ ಸಂಖ್ಯೆ ಭಿಕ್ಷೆ ಬೇಡುತ್ತಿದ್ದರೆಂದು ಕರೆದೊಯ್ದವರದು. ರಾತ್ರಿ ಬೀದಿಯಲ್ಲಿ ಮಲಗಿ ಬೆಳಿಗ್ಗೆ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಯನ್ನು ಆ ಲೆಕ್ಕದಲ್ಲಿ ಹುಡುಕಬೇಡಿ.

ಸೂರಿಲ್ಲದೆ ಬಯಲಿನಲ್ಲಿ ರಾತ್ರಿ ಕಳೆಯುವವರನ್ನು ನೇರವಾಗಿ ಎಣಿಸುವುದು ಜನಗಣತಿ. ಛಾವಣಿಯಿರುವ ಕಟ್ಟಡದಲ್ಲಿ ವಾಸಿಸದೆ ಬಯಲಿನಲ್ಲಿ, ರಸ್ತೆ ಬದಿಯಲ್ಲಿ, ಪಾದಚಾರಿ ಮಾರ್ಗದಲ್ಲಿ, ದೊಡ್ಡ ಸಿಮೆಂಟ್ ಕೊಳವೆಗಳಲ್ಲಿ, ಮೇಲ್ಸೇತುವೆಗಳ ಕೆಳಗೆ, ಮೆಟ್ಟಿಲುಗಳ ಅಡಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಮಂಟಪಗಳಲ್ಲಿ, ರೈಲ್ವೆ ಪ್ಲಾಟ್‌ಫಾರಂನಲ್ಲಿ ಇರುವವರು ಎಂದು ಅದರ ವ್ಯಾಖ್ಯೆ.

"ವಸತಿ ರಹಿತರು ಇಂತಿಷ್ಟು ಸಾವಿರ" ಎಂಬ ಸುದ್ದಿ ಕಂಡರೆ ಮೊದಲು ಕೇಳಬೇಕಾದದ್ದು ಒಂದೇ: ಯಾವ ಪಟ್ಟಿ? ಒಂದು ಪಟ್ಟಿಯಲ್ಲಿ ಲಕ್ಷ ಇದ್ದದ್ದು ಇನ್ನೊಂದರಲ್ಲಿ ನೂರಕ್ಕೆ ಇಳಿಯಬಹುದು, ಎರಡೂ ಸುಳ್ಳಾಗಿರಬೇಕಿಲ್ಲ.

ಜನಗಣತಿಯ ಹಾಳೆ ಓದುವುದು

2011ರ ಜನಗಣತಿಯಲ್ಲಿ ಮನೆಯಿಲ್ಲದವರಿಗಾಗಿಯೇ ಪ್ರತ್ಯೇಕವಾದ ಪ್ರಾಥಮಿಕ ಗಣತಿ ಸಾರ (ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರಾಕ್ಟ್) ಇದೆ. ಜನಗಣತಿ ಇಲಾಖೆಯ ಜಾಲತಾಣದಲ್ಲಿ ಎಕ್ಸೆಲ್ ರೂಪದಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮ ಜಿಲ್ಲೆಯ ಸಾಲು ಹುಡುಕಿ. ಗ್ರಾಮ, ನಗರ ಎಂದು ಬೇರೆಬೇರೆ ಇರುತ್ತದೆ, ನಗರದ ಸಾಲನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ.

ದೇಶದ ಲೆಕ್ಕ ಹೀಗಿದೆ: 2001ರಲ್ಲಿ 19.4 ಲಕ್ಷ, 2011ರಲ್ಲಿ 17.7 ಲಕ್ಷ. ಕಡಿಮೆಯಾಯಿತು ಎಂದು ಇಷ್ಟಕ್ಕೇ ಪುಟ ಮುಚ್ಚಬೇಡಿ. ಹಳ್ಳಿಗಳಲ್ಲಿ 11.6 ಲಕ್ಷದಿಂದ 8.3 ಲಕ್ಷಕ್ಕೆ ಇಳಿದಿದೆ, ನಗರಗಳಲ್ಲಿ 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿದೆ. ಒಟ್ಟು ಮೊತ್ತ ಇಳಿಕೆಯನ್ನು ತೋರಿಸಿ ಏರಿಕೆಯನ್ನು ಮುಚ್ಚಿಬಿಡುತ್ತದೆ. ಕರ್ನಾಟಕದಲ್ಲಿ 2011ರಲ್ಲಿ ಎಣಿಕೆಗೆ ಸಿಕ್ಕವರು 76 ಸಾವಿರಕ್ಕೂ ಹೆಚ್ಚು, ಅವರಲ್ಲಿ ಸುಮಾರು 35 ಸಾವಿರ ಜನ ನಗರಗಳಲ್ಲಿದ್ದರು. ಕಟ್ಟೆಯ ಮೇಲಿನ ಆ ಅಜ್ಜಿ ಈ 35 ಸಾವಿರದಲ್ಲಿ ಒಬ್ಬರು.

ಬರಿಯ ಸಂಖ್ಯೆಯಿಂದ ಊರುಗಳನ್ನು ಹೋಲಿಸಲಾಗದು. ಹತ್ತು ಸಾವಿರ ಜನಸಂಖ್ಯೆಗೆ ಎಷ್ಟು ಎಂದು ಭಾಗಿಸಿ. ಭಾರತದ ನಗರಗಳಲ್ಲಿ ಅದು ಸುಮಾರು 25, ಕರ್ನಾಟಕದ ನಗರಗಳಲ್ಲಿ ಸುಮಾರು 15. ನಿಮ್ಮ ಜಿಲ್ಲೆಯ ನಗರ ಭಾಗದಲ್ಲಿ ಅದು 2 ಅಥವಾ 3 ಎಂದು ಬಂದರೆ, ಊರು ಅಷ್ಟು ಸುಖವಾಗಿತ್ತು ಎಂದುಕೊಳ್ಳುವ ಮೊದಲು ಆ ರಾತ್ರಿ ಎಣಿಕೆ ಹೇಗೆ ನಡೆಯಿತು ಎಂದು ವಿಚಾರಿಸಿ.

ಅದೇ ಹಾಳೆಯಲ್ಲಿ ಬಲಕ್ಕೆ ಸರಿದರೆ ಆರು ವರ್ಷದೊಳಗಿನ ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಕ್ಷರಸ್ಥರು, ದುಡಿಯುವವರು ಎಂಬ ಅಂಕಣಗಳಿವೆ. ದುಡಿಯುವವರ ಅಂಕಣದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿ. ಬೀದಿಯಲ್ಲಿ ಮಲಗುವವರೆಲ್ಲ ಸೋಮಾರಿಗಳು ಎಂದು ಸಭೆಯಲ್ಲಿ ಯಾರಾದರೂ ಹೇಳಿದರೆ, ಸರ್ಕಾರದ ಅದೇ ಹಾಳೆಯನ್ನು ಮುಂದಿಡಬಹುದು.

ಈ ಎಣಿಕೆಯ ಮಿತಿಗಳನ್ನು ಎಣಿಸಿದವಳಾಗಿ ಹೇಳುತ್ತೇನೆ. ಮನೆಗಳ ಎಣಿಕೆಗೆ ನಮಗೆ ಫೆಬ್ರುವರಿ 9ರಿಂದ ಇಪ್ಪತ್ತು ದಿನ ಸಿಕ್ಕಿತ್ತು. ಸೂರಿಲ್ಲದವರಿಗೆ ಸಿಕ್ಕಿದ್ದು ಒಂದೇ ರಾತ್ರಿ. ಆ ರಾತ್ರಿ ಸಿನಿಮಾದ ಎರಡನೇ ಆಟಕ್ಕೆ ಹೋದವನು, ರಾತ್ರಿ ಪಾಳಿಯ ಕಾವಲಿಗೆ ಹೋದವನು, ಪೊಲೀಸರು ಬಂದರೆಂದು ಎದ್ದು ಹೋದವನು, ಇವರೆಲ್ಲ ಮುಂದಿನ ಜನಗಣತಿಯವರೆಗೂ ಲೆಕ್ಕದಲ್ಲಿ ಇಲ್ಲ. ಆಗ ಶಿವರಾತ್ರಿ ಹತ್ತಿರವಿತ್ತು. ದೇವಸ್ಥಾನವೊಂದರ ಮಂಟಪದಲ್ಲಿ ಹದಿನೈದು ಇಪ್ಪತ್ತು ಜನ ಗಂಟು ತಲೆದಿಂಬು ಮಾಡಿಕೊಂಡು ಮಲಗಿದ್ದರು. ಕಾಲ್ನಡಿಗೆಯಲ್ಲಿ ಹೊರಟ ಯಾತ್ರಿಕರು ಯಾರು, ದಿನವೂ ಅಲ್ಲೇ ಮಲಗುವವರು ಯಾರು? ಪಿ.ಟಿ. ಮೇಷ್ಟ್ರು ಒಂದೇ ಪ್ರಶ್ನೆ ಕೇಳಿ ಬಿಡಿಸಿದರು: "ನಾಳೆ ರಾತ್ರಿ ಎಲ್ಲಿ ಮಲಗುತ್ತೀರಿ?" ಯಾತ್ರಿಕರು ಮುಂದಿನ ಊರಿನ ಹೆಸರು ಹೇಳಿದರು. ಇಬ್ಬರು ಮಾತ್ರ, "ಇಲ್ಲೇ" ಎಂದರು. ನಾನು ಇಂದಿಗೂ ಆ ಪ್ರಶ್ನೆಯನ್ನೇ ಬಳಸುತ್ತೇನೆ.

ಇನ್ನೂ ದೊಡ್ಡ ತೂತು ವ್ಯಾಖ್ಯೆಯಲ್ಲೇ ಇದೆ. ಛಾವಣಿ ಇದ್ದರೆ ಮನೆ. ಕಟ್ಟಡದ ಕೆಲಸಕ್ಕೆಂದು ಬಂದವರು ನಾಲ್ಕು ಗಳ ನೆಟ್ಟು ನೀಲಿ ತಾಡಪಾಲು ಹೊದಿಸಿದರೆ ಅದೂ ಜನಗಣತಿಯ ಮನೆಯೇ. ಅದರೊಳಗೆ ಮಳೆಗಾಲದಲ್ಲಿ ಮಗುವನ್ನು ಮಡಿಲಿನಲ್ಲಿಟ್ಟುಕೊಂಡು ಕುಳಿತೇ ರಾತ್ರಿ ಕಳೆಯುವ ತಾಯಿ "ಮನೆಯಿರುವ" ಸಾಮಾನ್ಯ ಕುಟುಂಬದವಳು. ಆದ್ದರಿಂದ ಮನೆಯಿಲ್ಲದವರ ಹಾಳೆಯೊಂದನ್ನೇ ಓದಿದರೆ ಸಾಲದು. ಅದೇ ಜನಗಣತಿಯ ಮನೆಪಟ್ಟಿ ಸಾರವನ್ನೂ ತೆಗೆಯಿರಿ. ಅದರಲ್ಲಿ ವಾರ್ಡುವಾರು ಶೇಕಡಾವಾರು ಲೆಕ್ಕವಿದೆ. ಮೂರು ಅಂಕಿ ಸಾಕು: ಛಾವಣಿ ಪ್ಲಾಸ್ಟಿಕ್ ಅಥವಾ ಪಾಲಿಥೀನ್ ಆಗಿರುವ ಮನೆಗಳು, ಪ್ರತ್ಯೇಕ ಕೋಣೆಯೇ ಇಲ್ಲದ ಕುಟುಂಬಗಳು, ಜೊತೆಗೆ ಮನೆಪಟ್ಟಿಯ ಬೇರೆ ಕೋಷ್ಟಕದಿಂದ ಖಾಲಿ ಬಿದ್ದಿರುವ ಮನೆಗಳು. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಊರಿನ ನಕ್ಷೆ ಬದಲಾಗುತ್ತದೆ. ದೇಶದ ನಗರಗಳಲ್ಲಿ 2011ರಲ್ಲಿ ಖಾಲಿ ಇದ್ದ ಮನೆಗಳು 1.1 ಕೋಟಿ. ಬಯಲಿನಲ್ಲಿ ಮಲಗಿದ್ದವರು 9.4 ಲಕ್ಷ.

ಮನೆಗಳ ಕೊರತೆಯ ಅಂಕಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಭಾಷಣಗಳಲ್ಲಿ ಬಹಳ ಬಳಕೆಯಾಗುತ್ತದೆ. ಅಮಿತಾಭ್ ಕುಂಡು ಅಧ್ಯಕ್ಷತೆಯ ತಾಂತ್ರಿಕ ತಂಡವು 2012ರಲ್ಲಿ ದೇಶದ ನಗರಗಳಿಗೆ 1.88 ಕೋಟಿ ಮನೆಗಳ ಕೊರತೆ ಇದೆ ಎಂದಿತು, ಕರ್ನಾಟಕದ ಪಾಲು ಸುಮಾರು 10 ಲಕ್ಷ. ಆ 1.88 ಕೋಟಿಯಲ್ಲಿ ಬೀದಿಯಲ್ಲಿರುವ ಕುಟುಂಬಗಳ ಪಾಲು 5.3 ಲಕ್ಷ, ಅಂದರೆ ನೂರಕ್ಕೆ ಮೂರಕ್ಕಿಂತ ಕಡಿಮೆ. ನೂರಕ್ಕೆ ಎಂಬತ್ತರಷ್ಟು ಕೊರತೆ ಇಕ್ಕಟ್ಟಿನದು, ಒಂದೇ ಮನೆಯಲ್ಲಿ ಕಿಕ್ಕಿರಿದು ಬದುಕುವವರದು. ಕೊರತೆಯ ಹೆಸರಿನಲ್ಲಿ ಮನೆಗಳನ್ನು ಕಟ್ಟಿದರೂ ಅವು ಬೀದಿಯಲ್ಲಿರುವವರಿಗೆ ತಲುಪದೇ ಇರಬಹುದು, ಏಕೆಂದರೆ ಆ ಲೆಕ್ಕದಲ್ಲೇ ಅವರು ತೀರ ಅಂಚಿನಲ್ಲಿದ್ದಾರೆ.

ಎಷ್ಟು ಹಾಸಿಗೆ ಇರಬೇಕು?

ಈ ಲೆಕ್ಕ ಸುಲಭ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯ ಕೇಂದ್ರ ಇರಬೇಕು, ಅದು ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರಬೇಕು ಎಂದಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಆಶ್ರಯ ಯೋಜನೆಯು ಅದೇ ಅಳತೆಯನ್ನು ಹಿಡಿಯಿತು: ಲಕ್ಷಕ್ಕೆ ನೂರು ಜನ ತಂಗುವ ವ್ಯವಸ್ಥೆ, ತಲೆಗೆ 50 ಚದರ ಅಡಿ ಜಾಗ.

ದಾವಣಗೆರೆಯ ಜನಸಂಖ್ಯೆ 2011ರಲ್ಲಿ 4.35 ಲಕ್ಷ. ಅಂದರೆ ಕನಿಷ್ಠ ನಾಲ್ಕು ಕೇಂದ್ರ, ಸುಮಾರು 435 ಹಾಸಿಗೆ. ಹುಬ್ಬಳ್ಳಿ–ಧಾರವಾಡ 9.44 ಲಕ್ಷ, ಒಂಬತ್ತು ಕೇಂದ್ರ, ಸುಮಾರು 944 ಹಾಸಿಗೆ. ನಿಮ್ಮ ಊರಿಗೂ ಹೀಗೆಯೇ ಮಾಡಿಕೊಳ್ಳಿ. ಇದು ಹಳೆಯ ಜನಸಂಖ್ಯೆಯ ಮೇಲಿನ ಲೆಕ್ಕ, ಊರು ಬೆಳೆದಿದೆ ಎಂಬುದನ್ನು ಹಾಳೆಯ ಕೆಳಗೆ ಬರೆದಿಡಿ.

ಈಗ ನಾನು ತರಗತಿಯಲ್ಲಿ ಹೇಳಿಕೊಡುತ್ತಿದ್ದ ಹಾಗೆ ಎರಡು ಅನುಪಾತಗಳನ್ನು ಅಕ್ಕಪಕ್ಕ ಬರೆಯಿರಿ. ಲಕ್ಷಕ್ಕೆ 100 ಹಾಸಿಗೆ ಎಂದರೆ ಹತ್ತು ಸಾವಿರಕ್ಕೆ 10. ಜನಗಣತಿಗೆ ಸಿಕ್ಕವರು ದೇಶದ ನಗರಗಳಲ್ಲಿ ಹತ್ತು ಸಾವಿರಕ್ಕೆ 25, ನಮ್ಮ ರಾಜ್ಯದ ನಗರಗಳಲ್ಲಿ 15. ಅಂದರೆ ನಿಯಮದಲ್ಲಿ ಹೇಳಿದ ಅಷ್ಟೂ ಹಾಸಿಗೆಗಳು ಸಿದ್ಧವಾದರೂ, ಅದೂ ಎಣಿಕೆಗೆ ಸಿಕ್ಕವರ ಮಟ್ಟಿಗೆ ಮಾತ್ರ, ಕರ್ನಾಟಕದಲ್ಲಿ ಮೂವರಲ್ಲಿ ಒಬ್ಬರು ಹೊರಗೇ ಉಳಿಯುತ್ತಾರೆ. "ನಿಯಮದಂತೆ ಸಾಕಷ್ಟಿದೆ" ಎಂದು ಯಾರಾದರೂ ಹೇಳಿದರೆ ಈ ಭಾಗಾಕಾರವನ್ನು ತೋರಿಸಿ.

ಆಶ್ರಯ ಕೇಂದ್ರಗಳ ಸರ್ಕಾರಿ ಪಟ್ಟಿಯಲ್ಲಿ "ಮಂಜೂರಾದ", "ಕಾರ್ಯನಿರ್ವಹಿಸುತ್ತಿರುವ", "ಸಾಮರ್ಥ್ಯ" ಎಂಬ ಅಂಕಣಗಳಿರುತ್ತವೆ. ಮಂಜೂರಾದದ್ದನ್ನು ಇದ್ದದ್ದೆಂದು ಕೂಡಬೇಡಿ. ಸಾಮರ್ಥ್ಯವನ್ನು ತುಂಬಿದ ಹಾಸಿಗೆ ಎಂದು ಓದಬೇಡಿ. ಅದರಲ್ಲಿ ಹೆಂಗಸರಿಗೆ ಎಷ್ಟು, ಕುಟುಂಬಕ್ಕೆ ಎಷ್ಟು ಎಂದು ತಪ್ಪದೆ ಕೇಳಿ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಮಲಗಬೇಕಾದರೆ ಆ ಕುಟುಂಬ ಬಸ್ ನಿಲ್ದಾಣವನ್ನೇ ಆರಿಸಿಕೊಳ್ಳುತ್ತದೆ.

ಒಂದು ಊರಿನ ಕೇಂದ್ರಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಬಸ್ ನಿಲ್ದಾಣದಿಂದ ಮೂರು ಕಿಲೋಮೀಟರ್ ದೂರ, ರಾತ್ರಿ ಒಂಬತ್ತರ ನಂತರ ಆ ಕಡೆಗೆ ಬಸ್ಸಿಲ್ಲ. ಮೇಜಿನ ಮೇಲೆ ಹಾಜರಿ ಪುಸ್ತಕವಿತ್ತು. ತೆರೆದು ನೋಡಿದೆ. ಇಡೀ ತಿಂಗಳು ಅವೇ ಹದಿನೆಂಟು ಹೆಸರುಗಳು, ಅದೇ ಅನುಕ್ರಮದಲ್ಲಿ, ಒಂದೇ ಪೆನ್ನಿನ ಒಂದೇ ನೀಲಿಯಲ್ಲಿ. ಹೆಬ್ಬೆಟ್ಟಿನ ಗುರುತು ಒಂದೂ ಇರಲಿಲ್ಲ. ಒಳಗಿದ್ದ ಮಂಚಗಳ ಮೇಲೆ ಹೊದಿಕೆಗಳು ಮಡಿಸಿದ ಹಾಗೆಯೇ ಇದ್ದವು. ಮಡಿಕೆಯ ಗೆರೆಯ ಉದ್ದಕ್ಕೂ ಧೂಳು ಕುಳಿತಿತ್ತು. ಬರೆದುಕೊಂಡು ಬಂದೆ, ಯಾರ ಜೊತೆಗೂ ಜಗಳವಾಡಲಿಲ್ಲ. ಆದರೆ ಅಂದಿನಿಂದ ಹಾಜರಿ ಪುಸ್ತಕದ ಒಟ್ಟು ಮೊತ್ತವನ್ನಷ್ಟೇ ನಾನು ಒಪ್ಪುವುದಿಲ್ಲ, ಪುಟವನ್ನೇ ನೋಡುತ್ತೇನೆ. ನೀವೂ ಹಾಗೆಯೇ ಮಾಡಿ. ರಾತ್ರಿ ಎಂಟಕ್ಕೆ ಒಂದು ಸಲ, ಹನ್ನೊಂದಕ್ಕೆ ಇನ್ನೊಂದು ಸಲ ಹೋಗಿ ಬನ್ನಿ. ಬಾಗಿಲು ತೆರೆದಿದೆಯೇ, ನೀರು ಬರುತ್ತದೆಯೇ, ಹೊಸಬರು ಬಂದರೆ ಏನು ಕೇಳುತ್ತಾರೆ, ಎಲ್ಲ ಗಮನಿಸಿ. ಮನೆಯೇ ಇಲ್ಲದವರ ಹತ್ತಿರ ವಿಳಾಸದ ದಾಖಲೆ ಕೇಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಸಿಗೆಗಳು ಖಾಲಿ ಇದ್ದರೆ ಅದನ್ನು ಬೇಡಿಕೆಯಿಲ್ಲ ಎಂದು ಬರೆದುಬಿಡುವ ರೂಢಿ ಇದೆ. ಇದು ನನಗೆ ಬಹಳ ನೋವು ಕೊಡುವ ವಿಷಯ. ಮಂಡಿಯಲ್ಲಿ ನಸುಕಿನ ನಾಲ್ಕಕ್ಕೆ ಲಾರಿ ಬಂದು ನಿಲ್ಲುತ್ತದೆ, ಅಲ್ಲೇ ಮಲಗಿದ್ದವನಿಗೆ ಕೂಲಿ ಸಿಗುತ್ತದೆ. ಅವನಿಗೆ ಬೇಕಾದ ಹಾಸಿಗೆ ಮಂಡಿಯ ಪಕ್ಕದಲ್ಲಿರಬೇಕು. ಜನ ಎಲ್ಲಿ ಸೇರುತ್ತಾರೋ ಅದರ ಹತ್ತಿರವೇ ಕೇಂದ್ರ ಇರಬೇಕು ಎಂದು ಯೋಜನೆಯ ಮಾರ್ಗಸೂಚಿಯೂ ಹೇಳುತ್ತದೆ.

ಮನೆಗಳ ಪಟ್ಟಿ

ಹಾಸಿಗೆ ಒಂದು ರಾತ್ರಿಯದು, ಮನೆ ಬೇರೆ. ರಾಜ್ಯದಲ್ಲಿ 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ವಸತಿ ನಿಗಮವು ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ವಾಜಪೇಯಿ ನಗರ ವಸತಿ, ಜೊತೆಗೆ ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗಳ ಲೆಕ್ಕವನ್ನು ಇಡುತ್ತದೆ. ಮನೆ ಯಾವ ಹಂತದಲ್ಲಿದೆ ಎಂದು ಅಡಿಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ದಾಖಲಾಗುತ್ತದೆ. ಓದುವಾಗ ಕೊನೆಯ ಅಂಕಣದಿಂದ ಹಿಂದಕ್ಕೆ ಓದಿ: ಪೂರ್ಣವಾದದ್ದೆಷ್ಟು, ಆಮೇಲೆ ಮಂಜೂರಾದದ್ದೆಷ್ಟು. ಲಿಂಟಲ್ ಮಟ್ಟದಲ್ಲಿ ನಿಂತ ಗೋಡೆಗಳಲ್ಲಿ ಯಾರೂ ಮಲಗಲಾಗದು. ಬಹುಮಹಡಿ ಮನೆಗಳಾದರೆ ಪೂರ್ಣಗೊಂಡದ್ದು, ಹಂಚಿಕೆಯಾದದ್ದು, ಜನ ವಾಸಕ್ಕೆ ಬಂದದ್ದು ಎಂದು ಮೂರು ಬೇರೆಬೇರೆ ಸಂಖ್ಯೆ ಕೇಳಿ.

ಫಲಾನುಭವಿಗಳನ್ನು ಹಳ್ಳಿಯಲ್ಲಿ ಗ್ರಾಮಸಭೆ, ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಆಯ್ಕೆ ಮಾಡುತ್ತದೆ. ಮನೆ ಕಟ್ಟಲು ಸಹಾಯಧನ ಕೊಡುವ ಯೋಜನೆಗಳಲ್ಲಿ ಸ್ವಂತ ನಿವೇಶನ ಬೇಕು, ಪಡಿತರ ಚೀಟಿ ಬೇಕು, ಆದಾಯ ಪತ್ರ ಬೇಕು. ಕಟ್ಟೆಯ ಮೇಲಿನ ಅಜ್ಜಿ ಈ ಸಾಲಿನ ಮೊದಲ ಬಾಗಿಲಲ್ಲೇ ನಿಲ್ಲುತ್ತಾರೆ. 2011ರ ಸಾಮಾಜಿಕ ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಗ್ರಾಮೀಣ ಭಾಗದ ಸೂರಿಲ್ಲದ ಕುಟುಂಬಗಳು ಯಾವ ಅಂಕವನ್ನೂ ಎಣಿಸದೆ ತಾವಾಗಿಯೇ ಪಟ್ಟಿಗೆ ಸೇರುವ ವರ್ಗದಲ್ಲಿದ್ದವು. ಆದರೆ ಸೇರಬೇಕಾದರೆ ಅವರು ಹಳ್ಳಿಯಲ್ಲಿ ಗಣತಿದಾರರ ಕಣ್ಣಿಗೆ ಬೀಳಬೇಕಿತ್ತು. ಹಳ್ಳಿ ಬಿಟ್ಟು ಪೇಟೆಗೆ ಬಂದವರು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಮಾಹಿತಿ ಹಕ್ಕಿನ ಅರ್ಜಿ

ಜಾಲತಾಣದಲ್ಲಿ ಸಿಗದ್ದನ್ನು ಅರ್ಜಿ ಹಾಕಿ ಪಡೆಯಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಆದ್ದರಿಂದ ಆಶ್ರಯ ಕೇಂದ್ರಕ್ಕೊಂದು, ಮನೆಗಳಿಗೊಂದು ಎಂದು ಎರಡು ಅರ್ಜಿ ಬರೆಯಿರಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ನಾನು ಬಳಸುವ ಮಾದರಿ ಇದು:

"ನಗರದ ವಸತಿರಹಿತರ (ಬಯಲಿನಲ್ಲಿ ಮಲಗುವವರ) ಆಶ್ರಯ ಕೇಂದ್ರಗಳ ಬಗ್ಗೆ ಈ ಮಾಹಿತಿ ಒದಗಿಸಿ. ಕೇಂದ್ರಗಳ ವಿಳಾಸ, ಪ್ರತಿಯೊಂದರ ಸಾಮರ್ಥ್ಯ, ಪುರುಷ, ಮಹಿಳೆ, ಕುಟುಂಬ ಎಂಬ ವಿಂಗಡಣೆ. ಕಳೆದ ಹನ್ನೆರಡು ತಿಂಗಳ ಹಾಜರಿ ಪುಸ್ತಕದ ಪ್ರತಿ, ತಂಗಿದವರ ಹೆಸರುಗಳನ್ನು ಮರೆಮಾಡಿ. ಕೇಂದ್ರ ನಿರ್ವಹಣಾ ಸಮಿತಿಯ ಸಭೆಗಳ ದಿನಾಂಕ ಮತ್ತು ನಡಾವಳಿ. ನಗರದಲ್ಲಿ ವಸತಿರಹಿತರ ಸಮೀಕ್ಷೆ ಕೊನೆಯ ಬಾರಿ ನಡೆದ ದಿನಾಂಕ, ಸಮಯ, ಸ್ಥಳಗಳ ಪಟ್ಟಿ, ವರದಿಯ ಪ್ರತಿ."

"ಏಕೆ ಮಾಡಿಲ್ಲ?" ಎಂಬಂಥ ಪ್ರಶ್ನೆ ಬರೆಯಬೇಡಿ. ದಾಖಲೆಯನ್ನು ಕೇಳಿ, ಕಾರಣವನ್ನಲ್ಲ. ಸಮೀಕ್ಷೆಯ ಸಮಯ ಕೇಳುವುದನ್ನು ಮಾತ್ರ ಬಿಡಬೇಡಿ. ಹಗಲು ಹನ್ನೊಂದಕ್ಕೆ ನಡೆದ ಸಮೀಕ್ಷೆಯಲ್ಲಿ ಯಾರೂ ಸಿಗದಿದ್ದರೆ ಆಶ್ಚರ್ಯವೇನಿದೆ, ಆಗ ಅವರೆಲ್ಲ ಕೆಲಸದಲ್ಲಿರುತ್ತಾರೆ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ. ಕಚೇರಿಯ ಗುಮಾಸ್ತರೊಂದಿಗೆ ಮಾತು ಚೆನ್ನಾಗಿರಲಿ. ಎಷ್ಟೋ ಸಲ ಅವರಿಗೂ ಈ ಲೆಕ್ಕ ಸರಿಯಾಗಬೇಕೆಂಬ ಆಸೆ ಇರುತ್ತದೆ, ಕೇಳುವವರು ಇರುವುದಿಲ್ಲ ಅಷ್ಟೇ.

ರಾತ್ರಿ ನೀವೇ ಎಣಿಸುವುದು

ಇದನ್ನು ಮಾಡದೆ ಹಾಳೆಗಳನ್ನು ನಂಬಬೇಡಿ. ಮೂರು ನಾಲ್ಕು ಜನರ ತಂಡ ಕಟ್ಟಿ, ಅದರಲ್ಲಿ ಒಬ್ಬ ಹೆಂಗಸಾದರೂ ಇರಲಿ. ಹತ್ತಿರದ ಠಾಣೆಗೆ ಮೊದಲೇ ಬರೆದು ತಿಳಿಸಿ, ಆದರೆ ಪೊಲೀಸರನ್ನು ಜೊತೆಗೆ ಕರೆದೊಯ್ಯಬೇಡಿ. ಸಮವಸ್ತ್ರ ಕಂಡರೆ ಮಲಗಿದವರು ಎದ್ದು ಹೋಗುತ್ತಾರೆ. ಜಾತ್ರೆ, ಹಬ್ಬ, ಪರೀಕ್ಷೆ, ಚುನಾವಣೆ ಇಲ್ಲದ ಸಾದಾ ವಾರದ ದಿನ ಆರಿಸಿ. ಹನ್ನೊಂದರ ನಂತರ ಹೊರಡಿ.

ಸ್ಥಳಗಳ ಪಟ್ಟಿಯನ್ನು ಹಗಲಿನಲ್ಲೇ ಮಾಡಿಕೊಳ್ಳಿ. ಚಹಾ ಅಂಗಡಿಯವರು, ಪೌರಕಾರ್ಮಿಕರು, ಆಟೊ ಚಾಲಕರಿಗೆ ತಿಳಿದಷ್ಟು ಯಾವ ಕಚೇರಿಗೂ ತಿಳಿದಿರುವುದಿಲ್ಲ. ನಮ್ಮೂರಿನಲ್ಲಿ ಚಳಿಗಾಲದಲ್ಲಿ ಮಂಡಕ್ಕಿ ಭಟ್ಟಿಗಳ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಮಲಗುವವರಿದ್ದಾರೆ ಎಂದು ನನಗೆ ಹೇಳಿದ್ದು ಬೆಳಗಿನ ಜಾವ ಕಸ ಗುಡಿಸಲು ಬರುವ ಒಬ್ಬ ತಾಯಿ. ಬೇಸಿಗೆಯಲ್ಲಿ ಅದೇ ಜಾಗಕ್ಕೆ ಹೋದರೆ ಒಬ್ಬರೂ ಇರುವುದಿಲ್ಲ.

ಮಲಗಿದವರನ್ನು ಎಬ್ಬಿಸಬೇಡಿ. ಮುಖಕ್ಕೆ ಟಾರ್ಚ್ ಬಿಡಬೇಡಿ, ನೆಲಕ್ಕೆ ಬಿಡಿ. ಫೋಟೊ ಬೇಡವೇ ಬೇಡ. ಹೆಸರು ಬರೆಯಬೇಡಿ. ಸ್ಥಳ, ಸಮಯ, ಗಂಡಸು, ಹೆಂಗಸು, ಮಗು, ಅಷ್ಟು ಸಾಕು. ಎಚ್ಚರವಿದ್ದವರು ಮಾತಿಗೆ ಸಿಕ್ಕರೆ, "ನಿನ್ನೆ ಎಲ್ಲಿ ಮಲಗಿದ್ದಿರಿ, ನಾಳೆ ಎಲ್ಲಿ ಮಲಗುತ್ತೀರಿ?" ಎಂದು ಕೇಳಿ. ಹೊದಿಕೆಯ ಕೆಳಗೆ ಒಬ್ಬರೋ ಇಬ್ಬರೋ ತಿಳಿಯದಿದ್ದರೆ ಒಬ್ಬರೆಂದೇ ಬರೆಯಿರಿ. ನಮ್ಮ ಸಂಖ್ಯೆ ಕಡಿಮೆ ಇರಲಿ, ಯಾರೂ ಅದನ್ನು ಅಲ್ಲಾಡಿಸದಂತೆ ಇರಲಿ.

ಹೆಂಗಸರು ಸುಲಭವಾಗಿ ಕಾಣುವುದಿಲ್ಲ. ಒಂಟಿ ಹೆಂಗಸು ಬಯಲಿನಲ್ಲಿ ಮಲಗಲು ಹೆದರುತ್ತಾಳೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಪ್ರಯಾಣಿಕಳಂತೆ ಚೀಲ ತೊಡೆಯ ಮೇಲಿಟ್ಟುಕೊಂಡು ರಾತ್ರಿಯಿಡೀ ಎಚ್ಚರವಿದ್ದು, ಬೆಳಕು ಹರಿದ ಮೇಲೆ ದೇವಸ್ಥಾನದ ಹಿಂದೆಯೋ ಪಾರ್ಕಿನಲ್ಲೋ ಮಲಗುತ್ತಾಳೆ. ಆಸ್ಪತ್ರೆಯ ಪಡಸಾಲೆಯಲ್ಲಿ ರೋಗಿಯ ಕಡೆಯವಳೆಂದು ಹೇಳಿಕೊಂಡು ಇರುತ್ತಾಳೆ. ನಿಲ್ದಾಣದಲ್ಲಿ ಹನ್ನೆರಡಕ್ಕೆ ಕಂಡ ಮುಖವೇ ನಾಲ್ಕಕ್ಕೂ ಕಂಡರೆ, ಕೊನೆಯ ಬಸ್ಸೂ ಹೋಗಿದ್ದರೆ, ಬರೆದುಕೊಳ್ಳಿ. ರಾತ್ರಿ ಎಣಿಕೆಗಳಲ್ಲಿ ಹೆಂಗಸರ ಸಂಖ್ಯೆ ಚಿಕ್ಕದಾಗಿ ಬರುವುದನ್ನು ಹೆಂಗಸರಿಗೆ ಸೂರಿದೆ ಎಂದು ಅರ್ಥ ಮಾಡಿಕೊಳ್ಳಬೇಡಿ.

ಮೂರು ರಾತ್ರಿ ಎಣಿಸಿ, ಚಳಿಗಾಲಕ್ಕೊಂದು, ಬೇಸಿಗೆಗೊಂದು, ಮಳೆಗಾಲಕ್ಕೊಂದು. ಮೂರನ್ನೂ ಕೂಡಬೇಡಿ, ಅವರೇ ಇವರು ಆಗಿರಬಹುದು. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಬರೆಯಿರಿ.

ಒಂದೇ ಹಾಳೆಗೆ ತನ್ನಿ

ಎಲ್ಲವನ್ನೂ ಒಂದೇ ಪುಟಕ್ಕೆ ಇಳಿಸಿ. ಆರು ಸಾಲು: 2011ರಲ್ಲಿ ಎಣಿಕೆಗೆ ಸಿಕ್ಕವರು, ನಿಯಮದಂತೆ ಇರಬೇಕಾದ ಹಾಸಿಗೆ, ಕಾಗದದಲ್ಲಿರುವ ಹಾಸಿಗೆ, ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆದಿದ್ದ ಕೇಂದ್ರಗಳ ಹಾಸಿಗೆ, ಅವುಗಳಲ್ಲಿ ತುಂಬಿದ್ದವು, ಅದೇ ರಾತ್ರಿ ಹೊರಗೆ ಮಲಗಿದ್ದವರು. ಪ್ರತಿ ಸಾಲಿನ ಮುಂದೆ ದಿನಾಂಕ ಮತ್ತು ಅಂಕಿ ಎಲ್ಲಿಂದ ಬಂತು ಎಂಬುದಿರಲಿ. ವಿಶೇಷಣ ಒಂದೂ ಬೇಡ. ಪುಟವನ್ನು ಆಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ, ವಾರ್ಡ್ ಸಮಿತಿಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪತ್ರಿಕೆಗೆ ಅದಾದ ಮೇಲೆ.

ಇನ್ನೊಂದು ಕೆಲಸವಿದೆ, ಅದಕ್ಕೆ ಕಾಲ ನಿಗದಿಯಾಗಿದೆ. ಜನಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖ ದಿನವೆಂದು ಸರ್ಕಾರ ಅಧಿಸೂಚನೆ ಹೊರಡಿಸಿದೆ. ಹಿಂದಿನ ಕ್ರಮವೇ ನಡೆದರೆ ಸೂರಿಲ್ಲದವರ ಎಣಿಕೆ ಅದರ ಹಿಂದಿನ ರಾತ್ರಿ. ಆ ವರ್ಷವೂ ಶಿವರಾತ್ರಿ ಮಾರ್ಚ್ ಮೊದಲ ವಾರದಲ್ಲೇ ಬರುತ್ತದೆ, ಮಂಟಪಗಳಲ್ಲಿ ಮತ್ತೆ ಯಾತ್ರಿಕರಿರುತ್ತಾರೆ. ಗಣತಿದಾರರಿಗೆ ಊರಿನ ಎಲ್ಲ ಮೂಲೆಗಳೂ ತಿಳಿದಿರುವುದಿಲ್ಲ, ನನಗೂ ತಿಳಿದಿರಲಿಲ್ಲ. ಆದ್ದರಿಂದ ಜನ ಮಲಗುವ ಸ್ಥಳಗಳ ಪಟ್ಟಿಯನ್ನು ವಾರ್ಡುವಾರು ಬರೆದು, ಯಾವ ಸಮಯಕ್ಕೆ ಹೋದರೆ ಸಿಗುತ್ತಾರೆ ಎಂದು ಪಕ್ಕದಲ್ಲಿ ಗುರುತಿಸಿ, ನಿಮ್ಮ ಊರಿನ ಗಣತಿಯ ಚಾರ್ಜ್ ಅಧಿಕಾರಿಗೆ ಜನವರಿ ಮುಗಿಯುವ ಮೊದಲೇ ಕೊಡಿ. ಪಟ್ಟಿಯಲ್ಲಿ ಜನರ ಹೆಸರಿರಬಾರದು, ಜಾಗಗಳಷ್ಟೇ ಇರಲಿ.

ನಮ್ಮ ಪಟ್ಟಿಯಲ್ಲಿ ಈಗ ನಲವತ್ತೆರಡು ಜಾಗಗಳಿವೆ. ಮೊದಲ ಸಾಲು ಅಶೋಕ ರಸ್ತೆಯ ಆ ಕಟ್ಟೆ. ಅಜ್ಜಿ ಈಗ ಅಲ್ಲಿಲ್ಲ, ಎಲ್ಲಿಗೆ ಹೋದರೆಂದು ಅಕ್ಕಪಕ್ಕದ ಅಂಗಡಿಯವರೂ ಹೇಳಲಾರರು. ಕಳೆದ ವಾರ ಹೋದಾಗ ಅಲ್ಲಿ ಇಬ್ಬರು ಗಂಡಸರು ಮಲಗಿದ್ದರು. "ಅಂಗಡಿ ಮುಚ್ಚುವುದು ತಡ, ಹನ್ನೊಂದೂವರೆಯ ನಂತರ ಬನ್ನಿ" ಎಂದು ಆ ಸಾಲಿನ ಪಕ್ಕದಲ್ಲಿ ಬರೆದಿದ್ದೇನೆ.